ಕೃಷಿ ಮೇಳದಲ್ಲಿ ಒಂದು ತರಗತಿ

(ಇಂದಿರಾನಗರದಲ್ಲಿ ನಡೆದ ಮಾಸಿಕ ಗೋಷ್ಠಿಯಲ್ಲಿ ನಿವೃತ್ತ ಇಂಜಿನಿಯರರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

ಈ ತಿಂಗಳ ಗೋಷ್ಠಿಗೆ ಸಂಘಟಕರು ನನಗೆ ಕೊಟ್ಟಿರುವ ವಿಷಯ ‘ಕಾಯಕ ಮತ್ತು ಇಂದಿನ ಶಿಕ್ಷಣ’. ಇದು ವಿದ್ವಾಂಸರು ಮಾತಾಡಬೇಕಾದ ವಿಷಯ. ನಾನು ಸಿವಿಲ್ ಇಂಜಿನಿಯರಿಂಗ್ ಓದಿ, ಸರ್ಕಾರಿ ಸೇವೆಯಲ್ಲಿ ಕೆರೆ, ಕಾಲುವೆ, ಸೇತುವೆಗಳ ಕೆಲಸ ಮಾಡಿ ನಿವೃತ್ತನಾದವನು. ಅಳತೆಗೆ ಸಿಗದ ವಿಷಯ ಬಂದಾಗ ಅದರ ಒಂದು ತುಂಡನ್ನು ತೆಗೆದುಕೊಂಡು ನೋಡುವುದು ನಮ್ಮ ಅಭ್ಯಾಸ. ಹಾಗಾಗಿ ಒಬ್ಬ ಪ್ರಶಿಕ್ಷಣಾರ್ಥಿ ಶಿಕ್ಷಕಿ ತನ್ನ ಮೂವತ್ತೆಂಟು ಮಕ್ಕಳನ್ನು ಕೃಷಿ ಮೇಳಕ್ಕೆ ಕರೆದುಕೊಂಡು ಹೋದ ಒಂದು ದಿನವನ್ನು ತಮ್ಮ ಮುಂದೆ ಇಡುತ್ತೇನೆ. ಆ ದಿನ ನಾನೂ ಜೊತೆಯಲ್ಲಿದ್ದೆ.

ಮೊದಲು ಈ ಪ್ರಶಿಕ್ಷಣಾರ್ಥಿ ಎಂದರೆ ಯಾರು ಎಂದು ಹೇಳಿಬಿಡುತ್ತೇನೆ. ಬಿ.ಇಡಿ. ಈಗ ಎರಡು ವರ್ಷದ ಓದು. 2014ರಲ್ಲಿ ಬಂದ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ ನಿಯಮದ ಪ್ರಕಾರ ಈ ಎರಡು ವರ್ಷದಲ್ಲಿ ಒಟ್ಟು 20 ವಾರ ಶಾಲೆಗಳಲ್ಲೇ ಇದ್ದು ಕಲಿಯಬೇಕು. ಅದರಲ್ಲಿ 16 ವಾರ ಎರಡನೇ ವರ್ಷದ್ದು. ಅಂದರೆ ಇವರು ಅರ್ಧ ವಿದ್ಯಾರ್ಥಿಗಳು, ಅರ್ಧ ಶಿಕ್ಷಕರು. ಶಾಲೆಯಲ್ಲಿ ಇವರಿಗೆ ಕುರ್ಚಿ ಸಿಗುವುದೂ ಕೆಲವೊಮ್ಮೆ ಕಷ್ಟ. ರಜೆಯಲ್ಲಿರುವ ಶಿಕ್ಷಕರ ಪಿರಿಯಡ್ ತುಂಬಿಸುವುದು, ಹಾಜರಿ ಬರೆಯುವುದು, ಬಿಸಿಯೂಟದ ಸಾಲು ನೋಡಿಕೊಳ್ಳುವುದು, ಇಂಥ ಕೆಲಸಗಳೇ ಹೆಚ್ಚು ಬರುತ್ತವೆ. ನಮ್ಮ ಬೀದಿಯಲ್ಲಿ ಬಾಡಿಗೆಗಿರುವ ಈ ಹುಡುಗಿ ಕಲಬುರಗಿ ಕಡೆಯವಳು. ಅವಳಿಗೆ ಸಿಕ್ಕಿದ್ದು ಹಲಸೂರಿನ ಸುತ್ತಲಿನ ಒಂದು ಸರ್ಕಾರಿ ಪ್ರೌಢಶಾಲೆ, ಒಂಬತ್ತನೇ ತರಗತಿ, ವಿಜ್ಞಾನ.

ಆ ತರಗತಿಯ ಮಕ್ಕಳು ಯಾರು? ತಾವು ಹಲಸೂರು, ಶಿವಾಜಿನಗರ, ಕೆ.ಆರ್. ಪುರದ ಕಡೆಯವರೇ ಆದ್ದರಿಂದ ಹೆಚ್ಚು ವಿವರಿಸಬೇಕಾಗಿಲ್ಲ. ಮನೆಯಲ್ಲಿ ತಮಿಳು ಮಾತಾಡುವವರು, ಉರ್ದು ಮಾತಾಡುವವರು, ತೆಲುಗಿನವರು. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ, ಸೆಂಟ್ರಿಂಗ್ ಕೆಲಸಕ್ಕೆ ಬಂದು ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿರುವವರ ಮಕ್ಕಳು. ತಳ್ಳುಗಾಡಿಯವರ, ಆಟೋದವರ, ಮನೆಗೆಲಸದವರ ಮಕ್ಕಳು. ಇವರಲ್ಲಿ ಅನೇಕರ ಅಜ್ಜ ಬೇಸಾಯಗಾರ. ಅಪ್ಪ ಬೇಸಾಯ ಬಿಟ್ಟವನು. ಈ ಮಕ್ಕಳು ಎಮ್ಮೆಯನ್ನು ಮೊಬೈಲಿನಲ್ಲಿ ನೋಡುತ್ತಾರೆ.

ಸಸ್ಯಗಳ ಪಾಠ ಮಾಡುವಾಗ ಅವಳು ಕೇಳಿದಳಂತೆ, ‘ನಿಮ್ಮಲ್ಲಿ ಯಾರ ಮನೆಯವರು ರೈತರು?’ ಒಂದು ಕೈಯೂ ಏಳಲಿಲ್ಲ. ಆದರೆ ಯಾರ ಹುಟ್ಟೂರು ಯಾವುದು ಎನ್ನುವುದು ದಾಖಲಾತಿ ಪುಸ್ತಕದಿಂದ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮಕ್ಕಳು ಕೈ ಎತ್ತಲಿಲ್ಲ ಎನ್ನುವುದು ಅವಳನ್ನು ಕಾಡಿತು. ಸಂಜೆ ಬಂದು ನನ್ನ ಹತ್ತಿರ ಹೇಳಿದಳು: ‘ಕಾಕಾ, ಹೊಲ ಅದ ಅಂತ ಹೇಳ್ಳಿಕ್ಕೂ ಹುಡುಗರಿಗೆ ನಾಚಿಕಿ ಆಗ್ತದ. ನಾ ಏನ್ ಪಾಠ ಮಾಡ್ಲಿ?’

ಅದೇ ಹೊತ್ತಿಗೆ ಜಿಕೆವಿಕೆಯಲ್ಲಿ ಕೃಷಿ ಮೇಳ ಬಂದಿತ್ತು. ಪ್ರತಿವರ್ಷ ನವೆಂಬರ್ ಹೊತ್ತಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ನಡೆಸುವ ಈ ಮೇಳ ತಮಗೆಲ್ಲ ಗೊತ್ತು. ಮಕ್ಕಳನ್ನು ಕರೆದುಕೊಂಡು ಹೋಗಲು ಅವಳು ಅನುಮತಿ ಕೇಳಿದಾಗ ಮೊದಲು ಬಂದ ಉತ್ತರ ಬೇಡ ಎಂದೇ. ಪಠ್ಯ ಮುಗಿದಿಲ್ಲ, ಮಕ್ಕಳು ಕಳೆದುಹೋದರೆ ಯಾರು ಹೊಣೆ, ನೀವು ಇನ್ನು ಕೆಲವು ವಾರಗಳಲ್ಲಿ ಹೋಗುವವರು ಎಂದು ಮೂರು ಕಾರಣ. ಮೂರೂ ಸುಳ್ಳಲ್ಲ. ಅದಕ್ಕೆ ಅವಳು ವಾದ ಮಾಡಲಿಲ್ಲ. ಪಾಠಯೋಜನೆ ಬರೆದುಕೊಂಡು ಹೋದಳು. ಯಾವ ಅಧ್ಯಾಯದ ಯಾವ ಭಾಗ ಅಲ್ಲಿ ಮುಗಿಯುತ್ತದೆ, ಪ್ರತಿ ಎಂಟು ಮಕ್ಕಳಿಗೆ ಒಬ್ಬ ದೊಡ್ಡವರು ಯಾರು, ಪೋಷಕರ ಒಪ್ಪಿಗೆ ಪತ್ರ, ಯಾವ ಬಸ್ಸು, ಎಷ್ಟು ಹೊತ್ತಿಗೆ ವಾಪಸು, ಎಲ್ಲವೂ ಒಂದು ಹಾಳೆಯಲ್ಲಿತ್ತು. ನಮ್ಮ ಇಲಾಖೆಯಲ್ಲಿ ಅಷ್ಟು ಚೊಕ್ಕಟವಾದ ಅಂದಾಜುಪಟ್ಟಿ ನೋಡಿದ್ದು ಕಡಿಮೆ. ಅನುಮತಿ ಸಿಕ್ಕಿತು. ಆ ದೊಡ್ಡವರ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ಮೇಳಕ್ಕೆ ಪ್ರವೇಶ ಶುಲ್ಕವಿಲ್ಲ. ಶಿವಾಜಿನಗರದಿಂದ ಮೇಖ್ರಿ ವೃತ್ತ, ಹೆಬ್ಬಾಳ ದಾಟಿ ಯಲಹಂಕ ರಸ್ತೆಯ ಬಸ್ಸು. ಖರ್ಚು ಟಿಕೆಟ್ಟಿನದು ಮಾತ್ರ.

ಹೋಗುವ ಮೊದಲು ಅವಳು ಮಾಡಿದ ಎರಡು ಕೆಲಸ ಮುಖ್ಯ.

ಒಂದು, ಮೇಳಕ್ಕೆ ಎರಡು ದಿನ ಮುಂಚೆ ಮಕ್ಕಳಿಗೆ ಮನೆಗೆಲಸ ಕೊಟ್ಟಳು. ರಸೆಲ್ ಮಾರುಕಟ್ಟೆಗೋ ಮನೆ ಹತ್ತಿರದ ತರಕಾರಿ ಗಾಡಿಗೋ ಹೋಗಿ, ಒಂದು ತರಕಾರಿ ಯಾವ ಊರಿನಿಂದ ಬಂತು ಎಂದು ಕೇಳಿಕೊಂಡು ಬರಬೇಕು. 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆ ಶಿವಾಜಿನಗರದ ಮಕ್ಕಳಿಗೆ ಮನೆಯಂಗಳ. ಆದರೆ ಆ ಅಂಗಳಕ್ಕೆ ಬರುವ ಟೊಮೆಟೊ ಎಲ್ಲಿಯದು ಎಂದು ಅವರು ಅಲ್ಲಿಯವರೆಗೆ ಕೇಳಿರಲಿಲ್ಲ. ಕೋಲಾರ, ಮಾಲೂರು, ಹೊಸಕೋಟೆ, ಚಿಂತಾಮಣಿ, ಮಾಗಡಿ ಎಂದು ಹೆಸರುಗಳು ಬಂದವು. ಅವನ್ನು ನಕಾಶೆಯಲ್ಲಿ ಗುರುತು ಮಾಡಿಸಿದಳು.

ಎರಡು, ಮೇಳದಲ್ಲಿ ಕರಪತ್ರ ಗುಡ್ಡೆ ಹಾಕಿಕೊಳ್ಳುವಂತಿಲ್ಲ ಎಂದು ಕಟ್ಟಪ್ಪಣೆ ಮಾಡಿದಳು. ಪ್ರತಿ ಮಗುವೂ ಒಬ್ಬ ರೈತರನ್ನು ಮಾತಾಡಿಸಿ ಒಂದೇ ಒಂದು ಪ್ರಶ್ನೆ ಕೇಳಬೇಕು, ಉತ್ತರ ಬರೆದುಕೊಳ್ಳಬೇಕು. ಪ್ರಶ್ನೆ ಮಕ್ಕಳದೇ ಆಗಿರಬೇಕು.

ಜಿಕೆವಿಕೆಯ ಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಬಸ್ಸಿನಲ್ಲಿ ಮಕ್ಕಳಿಗೂ ಹೇಳಿದ್ದೆ. 1899ರಲ್ಲಿ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿದ್ದಾಗ ಹೆಬ್ಬಾಳದಲ್ಲಿ 30 ಎಕರೆ ಜಮೀನನ್ನು ಬೇಸಾಯದ ಪ್ರಯೋಗಕ್ಕೆಂದು ಕೊಟ್ಟರು. ಅಲ್ಲಿಂದ ಕೆಲಸ ಶುರು. ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದರು. ಮಲೆನಾಡಿನ ಅಡಕೆ ಕೊಳೆರೋಗದ ಅಧ್ಯಯನ ಮಾಡಿ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ರೈತರಿಗೆ ತೋರಿಸಿಕೊಟ್ಟವರು ಅವರೇ. 1964ರಲ್ಲಿ ಕೃಷಿ ವಿಶ್ವವಿದ್ಯಾಲಯವಾಯಿತು. ಜಿಕೆವಿಕೆ ಎಂದರೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರ. ಬಸ್ಸಿನಲ್ಲಿದ್ದ ಮಕ್ಕಳಲ್ಲಿ ಒಬ್ಬರಿಗೂ ಈ ನಾಲ್ಕಕ್ಷರದ ವಿಸ್ತರಣೆ ಗೊತ್ತಿರಲಿಲ್ಲ. ಅದೊಂದು ಬಸ್ ಸ್ಟಾಪು ಎಂದೇ ಅವರು ತಿಳಿದಿದ್ದರು.

ಮೇಳದಲ್ಲಿ ಮಕ್ಕಳಿಗೆ ಮೊದಲು ಕಣ್ಣು ಹೋಗುವುದು ಯಂತ್ರಗಳ ಕಡೆಗೆ, ಡ್ರೋನಿನ ಕಡೆಗೆ, ಭಾರಿ ಗಾತ್ರದ ಹೋರಿಗಳ ಕಡೆಗೆ. ಅದು ಸಹಜ. ಅವಳು ಒಂದು ಗಂಟೆ ಅದಕ್ಕೇ ಬಿಟ್ಟಳು. ಆಮೇಲೆ ಬೆಳೆ ಪ್ರಾತ್ಯಕ್ಷಿಕೆಯ ತಾಕುಗಳ ಕಡೆಗೆ ಕರೆದುಕೊಂಡು ಹೋದಳು.

ರಾಗಿಯ ತಾಕಿನ ಹತ್ತಿರ ನಾನು ಮಕ್ಕಳಿಗೆ ಲಕ್ಷ್ಮಣಯ್ಯನವರ ವಿಷಯ ಹೇಳಿದೆ. ರಾಗಿ ಲಕ್ಷ್ಮಣಯ್ಯ ಎಂದೇ ನಾಡು ಕರೆದ ತಳಿ ವಿಜ್ಞಾನಿ. ರಾಗಿಯ ಹೂವು ತೀರಾ ಸಣ್ಣದು, ತನ್ನೊಳಗೇ ಪರಾಗಸ್ಪರ್ಶ ಮಾಡಿಕೊಳ್ಳುವಂಥದ್ದು. ಎರಡು ತಳಿಗಳನ್ನು ಬೆರೆಸುವುದು ಬಹಳ ಕಷ್ಟ. ಮಂಡ್ಯದ ವಿ.ಸಿ. ಫಾರಂನಲ್ಲಿ ಕುಳಿತು ಅವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿದರು. ಇಂಡಿಯ, ಆಫ್ರಿಕ ಎರಡನ್ನೂ ಸೇರಿಸಿ ಆ ತಳಿಗಳಿಗೆ ‘ಇಂಡಾಫ್’ ಎಂದು ಹೆಸರಾಯಿತು. ರಾಗಿ ಮೂಲತಃ ಪೂರ್ವ ಆಫ್ರಿಕದ ಎತ್ತರದ ನೆಲದಿಂದ ಬಂದ ಧಾನ್ಯ. ‘ಹಾಗಾದರೆ ಮುದ್ದೆ ನಮ್ಮದಲ್ವಾ ತಾತ?’ ಎಂದು ಒಬ್ಬ ಹುಡುಗ ಕೇಳಿದ. ‘ಬಂದದ್ದು ಅಲ್ಲಿಂದ, ಸಾಕಿದ್ದು ನಾವು, ಅದಕ್ಕೇ ನಮ್ಮದು’ ಎಂದೆ. ತಮಿಳು ಮನೆಮಾತಿನ ಹುಡುಗ ಅವನು. ನಕ್ಕ.

ಮುಂದಿನ ತಾಕು ತೊಗರಿಯದು. ಅಲ್ಲಿ ನಡೆದದ್ದೇ ಆ ದಿನದ ಮುಖ್ಯ ಪಾಠ.

ತರಗತಿಯಲ್ಲಿ ಬಾಯಿ ಬಿಡದ ಒಬ್ಬ ಹುಡುಗನಿದ್ದ. ಅವನ ಅಪ್ಪ ಕೆ.ಆರ್. ಪುರದ ಕಡೆ ಕಟ್ಟಡದ ಕೆಲಸದಲ್ಲಿದ್ದಾರೆ. ಊರು ಕಲಬುರಗಿ ಜಿಲ್ಲೆ. ಮಾತಾಡಿದರೆ ‘ಅದ’, ‘ಹೌದ್ರಿ’ ಎಂದು ಬರುತ್ತದೆ, ಉಳಿದ ಮಕ್ಕಳು ನಗುತ್ತಾರೆ, ಅದಕ್ಕೆ ಅವನು ಮಾತೇ ನಿಲ್ಲಿಸಿದ್ದ. ತೊಗರಿ ಗಿಡದ ಮುಂದೆ ನಿಂತವನು ಒಂದು ಕಾಯಿಯನ್ನು ಬೆರಳಿನಲ್ಲಿ ತಿರುವಿ, ‘ಮಿಸ್, ಇದಕ್ಕ ಹುಳ ಬಿದ್ದದ’ ಎಂದ. ಕಾಯಿಯಲ್ಲಿ ಸಣ್ಣ ತೂತು ಇತ್ತು. ಅವಳು ಕೇಳಿದಳು, ‘ನಿನಗ ಹ್ಯಾಂಗ ಗೊತ್ತಾಯ್ತೋ?’ ಆಮೇಲೆ ಅವನು ನಿಲ್ಲಲಿಲ್ಲ. ‘ಹೂ ಬಂದಾಗ ಮ್ವಾಡ ಮುಚ್ಚಿದ್ರ ಹುಳ ಬೀಳ್ತದ್ರಿ. ನಮ್ ಕಡಿ ಎರಿ ಹೊಲ ಅದ, ಇಲ್ಲಿ ಮಣ್ಣ ಕೆಂಪ ಅದ. ನಮ್ಮಜ್ಜ ಗಿಡ ಝಾಡಸ್ತಿದ್ದ. ಕೆಳಗ ಅರಿಬಿ ಹಾಸಿ ಗಿಡ ಝಾಡಿಸಿದ್ರ ಹುಳ ಪಟಪಟ ಬೀಳ್ತಾವ, ಕೋಳಿ ತಿಂತಾವ.’

ತಾಕಿನ ಹತ್ತಿರ ನಿಂತಿದ್ದ ವಿಶ್ವವಿದ್ಯಾಲಯದ ಒಬ್ಬ ಯುವ ವಿಜ್ಞಾನಿ ಇದನ್ನು ಕೇಳಿಸಿಕೊಂಡು ಹತ್ತಿರ ಬಂದರು. ಕಾಯಿಕೊರಕದ ಹತೋಟಿಗೆ ಗಿಡ ಅಲ್ಲಾಡಿಸಿ ಹುಳ ಬೀಳಿಸುವುದು ಕಲಬುರಗಿ ಭಾಗದ ರೈತರ ಹಳೆಯ ಕ್ರಮ, ಅದನ್ನು ವಿಜ್ಞಾನಿಗಳೂ ಒಪ್ಪಿದ್ದಾರೆ, ಮದ್ದು ಹೊಡೆಯುವುದು ಅಷ್ಟು ಕಡಿಮೆಯಾಗುತ್ತದೆ ಎಂದು ಮಕ್ಕಳಿಗೆ ವಿವರಿಸಿದರು. ಕಲಬುರಗಿಯ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದ್ದನ್ನೂ ಹೇಳಿದರು. ಮೈಸೂರು ರೇಷ್ಮೆಯ ಹಾಗೆ, ನಂಜನಗೂಡು ರಸಬಾಳೆಯ ಹಾಗೆ, ಆ ಊರಿನ ಹೆಸರಿನ ಮೇಲೆ ಆ ಬೇಳೆಗೆ ಕಾನೂನಿನ ಮಾನ್ಯತೆ. ಆಮೇಲೆ ಆ ಹುಡುಗನ ಕಡೆ ತಿರುಗಿ, ‘ನಿಮ್ಮಜ್ಜ ಎಷ್ಟು ಸಾಲು ಬಿಟ್ಟು ಬಿತ್ತುತ್ತಿದ್ದರು?’ ಎಂದು ಕೇಳಿದರು. ತಿಳಿದವರೊಬ್ಬರು ಇನ್ನೊಬ್ಬ ತಿಳಿದವರನ್ನು ಕೇಳುವ ಧಾಟಿ ಅದು. ಮೂವತ್ತೇಳು ಮಕ್ಕಳು ಸುತ್ತ ನಿಂತು ಕೇಳಿದರು. ಅವತ್ತು ಅವನ ಮಾತಿಗೆ ಯಾರೂ ನಗಲಿಲ್ಲ.

ಶರಣ ಬಂಧುಗಳೇ, ಇದರಲ್ಲಿ ಆ ಪ್ರಶಿಕ್ಷಣಾರ್ಥಿ ಮಾಡಿದ್ದೇನು? ಪಾಠ ಹೇಳಲಿಲ್ಲ. ಆ ಹುಡುಗನ ತಿಳಿವಳಿಕೆಗೆ ಬೆಲೆಯಿರುವ ಒಂದು ಜಾಗಕ್ಕೆ ಅವನನ್ನು ಕರೆದುಕೊಂಡು ಹೋದಳು, ಅಷ್ಟೆ. ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕು ಎಂಬುದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮೊದಲ ಸೂತ್ರ. ಇಪ್ಪತ್ತು ವರ್ಷದಿಂದ ಬಿ.ಇಡಿ. ವಿದ್ಯಾರ್ಥಿಗಳು ಅದನ್ನು ಪರೀಕ್ಷೆಯಲ್ಲಿ ಬರೆಯುತ್ತಿದ್ದಾರೆ. ಅದನ್ನು ನಡೆಸಿ ತೋರಿಸಲು ಒಂದು ಬಸ್ ಟಿಕೆಟ್ಟು, ಒಂದು ಚೊಕ್ಕಟವಾದ ಹಾಳೆ ಸಾಕಾಯಿತು.

ಇನ್ನೊಂದು ಪ್ರಸಂಗ. ಶಿವಾಜಿನಗರದ ಒಬ್ಬ ಹುಡುಗಿ, ಮನೆಯವರು ತರಕಾರಿ ವ್ಯಾಪಾರದವರು. ಅವಳು ಕೋಲಾರದ ಕಡೆಯ ಒಬ್ಬ ರೈತರನ್ನು ಹಿಡಿದಳು. ಅವಳ ಪ್ರಶ್ನೆ: ‘ಅಂಕಲ್, ಒಂದು ಕ್ರೇಟ್ ಟೊಮೆಟೊ ನೀವು ಎಷ್ಟಕ್ಕೆ ಕೊಡ್ತೀರಿ?’ ಒಂದು ಕ್ರೇಟ್ ಎಂದರೆ 15 ಕೆ.ಜಿ. ಎಂಬುದು ಅವಳಿಗೆ ಗೊತ್ತು. ಅವರು ತಮಗೆ ಹೋದ ಸಲ ಸಿಕ್ಕ ದರ ಹೇಳಿದರು. ಅವಳು ಅಲ್ಲೇ ಬಾಯಲ್ಲಿ ಭಾಗಿಸಿ ಕೆ.ಜಿ.ಗೆ ಎಷ್ಟಾಯಿತು ಎಂದು ಹೇಳಿ, ತನ್ನ ಅಪ್ಪ ಅದೇ ವಾರ ಮಾರಿದ ದರವನ್ನೂ ಹೇಳಿದಳು. ವ್ಯತ್ಯಾಸ ದೊಡ್ಡದಿತ್ತು. ರೈತರಿಗೆ ಸಿಟ್ಟು ಬರಬಹುದೇನೋ ಎಂದು ನನಗೆ ಅಳುಕಿತ್ತು. ಅವರು ಹುಡುಗಿಯನ್ನು ಕೂರಿಸಿಕೊಂಡು ಲೆಕ್ಕ ಬಿಡಿಸಿದರು: ಸಸಿ, ಕೋಲು, ದಾರ, ಗೊಬ್ಬರ, ಮದ್ದು, ಕೊಯ್ಲಿನ ಕೂಲಿ, ಬಾಡಿಗೆ, ಕಮಿಷನ್. ಹುಡುಗಿಯೂ ಬಿಡಲಿಲ್ಲ. ತನ್ನ ಅಪ್ಪನ ಲೆಕ್ಕ ಹೇಳಿದಳು: ಬೆಳಗಿನ ಜಾವದ ಆಟೋ ಬಾಡಿಗೆ, ಕೊಳೆತು ಹೋಗುವ ಹಣ್ಣು, ಗಾಡಿಯ ಬಾಡಿಗೆ, ಬಡ್ಡಿ. ಇಬ್ಬರೂ ಸೇರಿ ಒಂದು ತೀರ್ಮಾನಕ್ಕೆ ಬಂದರು: ಬೆಳೆದವನಿಗೂ ಉಳಿಯುವುದಿಲ್ಲ, ಬೀದಿಯಲ್ಲಿ ಮಾರುವವನಿಗೂ ಉಳಿಯುವುದಿಲ್ಲ. ಒಂಬತ್ತನೇ ತರಗತಿಯ ಗಣಿತಕ್ಕೂ ಸಮಾಜ ವಿಜ್ಞಾನಕ್ಕೂ ಇದಕ್ಕಿಂತ ಒಳ್ಳೆಯ ಲೆಕ್ಕ ಯಾವ ಪುಸ್ತಕದಲ್ಲಿದೆ?

ನನ್ನ ಪಾಲಿಗೆ ಬಂದದ್ದು ಹನಿ ನೀರಾವರಿಯ ಮಳಿಗೆ. ಪೈಪಿನಿಂದ ಹನಿ ಹನಿಯಾಗಿ ನೀರು ಬೀಳುವುದನ್ನು ಮಕ್ಕಳು ನೋಡುತ್ತಿದ್ದರು. ‘ಈ ಪೈಪಿಗೆ ನೀರು ಎಲ್ಲಿಂದ ಬರುತ್ತೆ?’ ಎಂದು ಒಬ್ಬಳು ಕೇಳಿದಳು. ‘ಬೋರ್‌ವೆಲ್ಲಿನಿಂದ’ ಎಂದರು ಮಳಿಗೆಯವರು. ‘ಬೋರ್‌ವೆಲ್ಲಿಗೆ?’ ಮಳಿಗೆಯವರು ನನ್ನ ಮುಖ ನೋಡಿದರು.

ಆಗ ನಾನು ಮಕ್ಕಳನ್ನು ನೆಲದ ಮೇಲೆ ಕೂರಿಸಿ ಕೆರೆಯ ಚಿತ್ರ ಬರೆದು ತೋರಿಸಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹತ್ತಿರದಲ್ಲಿ ದೊಡ್ಡ ಹೊಳೆಯಿಲ್ಲ. ಹಾಗಾಗಿ ಹಿಂದಿನವರು ಇಳಿಜಾರಿಗೆ ಅಡ್ಡವಾಗಿ ಏರಿ ಕಟ್ಟಿ ಮಳೆನೀರು ನಿಲ್ಲಿಸಿದರು. ಏರಿಯ ಕೆಳಗೆ ನೀರು ಬಿಡಲು ತೂಬು. ತುಂಬಿ ಹೆಚ್ಚಾದದ್ದು ಹೋಗಲು ಕೋಡಿ. ಮೇಲಿನ ಕೆರೆಯ ಕೋಡಿ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ. ತೂಬಿನ ನೀರಿನಿಂದ ಬೆಳೆಯುವ ಗದ್ದೆ ತೋಟವೇ ಅಚ್ಚುಕಟ್ಟು. ಹಲಸೂರಿನ ಕೆರೆಯ ನೀರು ಚಲ್ಲಘಟ್ಟದ ಕಣಿವೆಗೆ ಇಳಿದು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಸೇರುವ ದಾರಿ ಅದು. ಸಂಪಂಗಿ ಕೆರೆ ಇದ್ದ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ, ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ, ಚಲ್ಲಘಟ್ಟ ಕೆರೆಯ ಜಾಗದಲ್ಲಿ ಗಾಲ್ಫ್ ಮೈದಾನವಿದೆ. ನಾವು ಈಗ ಕೂತಿರುವ ಈ ಇಂದಿರಾನಗರದ ಸುತ್ತಲೂ ಹಳ್ಳಿಗಳು, ಹೊಲಗಳೇ ಇದ್ದವು.

ಆ ಮಕ್ಕಳಿಗೆ ಇನ್ನೊಂದು ಸಂಗತಿ ಹೇಳಿದೆ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯಲ್ಲಿ, ಜನ ಕೆ.ಸಿ. ವ್ಯಾಲಿ ಎನ್ನುತ್ತಾರೆ, ಬೆಂಗಳೂರಿನ ಬಳಸಿದ ನೀರನ್ನು ಎರಡು ಹಂತ ಶುದ್ಧೀಕರಿಸಿ ಪಂಪು ಮಾಡಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ಯೋಜನೆಯ ಗಾತ್ರ ದಿನಕ್ಕೆ 440 ದಶಲಕ್ಷ ಲೀಟರ್. ನೂರಕ್ಕೂ ಹೆಚ್ಚು ಕೆರೆ. ಉದ್ದೇಶ ನೇರವಾಗಿ ಬೆಳೆಗೆ ಹಾಯಿಸುವುದಲ್ಲ, ಕೆರೆ ತುಂಬಿಸಿ ಅಂತರ್ಜಲ ಏರಿಸುವುದು. ಸಾವಿರ ಅಡಿ ಕೊರೆದರೂ ನೀರು ಕಾಣದ ಜಿಲ್ಲೆ ಅದು. ಮೂರನೇ ಹಂತದ ಶುದ್ಧೀಕರಣವೂ ಆಗಲೇಬೇಕು ಎಂದು ಅಲ್ಲಿಯ ರೈತರು ಕೇಳುತ್ತಲೇ ಬಂದಿದ್ದಾರೆ. ಆ ಬೇಡಿಕೆ ನ್ಯಾಯವಾದದ್ದು ಎಂದು ನೀರಿನ ಕೆಲಸ ಮಾಡಿದ ನಾನೂ ಹೇಳುತ್ತೇನೆ. ನಾವು ಇಲ್ಲಿ ಚರಂಡಿಗೆ ಏನು ಸುರಿಯುತ್ತೇವೋ ಅದು ಅವರ ಕೆರೆಯ ಪ್ರಶ್ನೆ. ‘ಅಂದರೆ ನಮ್ಮ ಸ್ನಾನದ ನೀರಿನಿಂದ ಟೊಮೆಟೊ ಬೆಳೆದು ನಮ್ಮ ಮಾರ್ಕೆಟ್ಟಿಗೇ ಬರುತ್ತಾ?’ ಎಂದು ಆ ತರಕಾರಿಯವರ ಹುಡುಗಿ ಕೇಳಿದಳು. ಕೆರೆ, ಅಂತರ್ಜಲ, ಬೋರ್‌ವೆಲ್ ಎಂದು ನಡುವೆ ಮೂರು ಮೆಟ್ಟಿಲಿವೆ, ಆದರೆ ಲೆಕ್ಕ ಸರಿ ಎಂದೆ. ಆ ಮೇಲೆ ಸೋಪು, ಎಣ್ಣೆ, ಬಣ್ಣ, ಆಸಿಡ್ ಚರಂಡಿಗೆ ಹೋದರೆ ಏನಾಗುತ್ತದೆ ಎಂಬ ಚರ್ಚೆ ಮಕ್ಕಳೇ ನಡೆಸಿದರು.

ಕೆರೆಯ ಮಾತು ಬಂದಾಗ ನೀರುಗಂಟಿಯ ಮಾತು ಬಿಡುವಂತಿಲ್ಲ. ತೂಬು ಎತ್ತುವವನು, ಕಾಲುವೆ ನೋಡಿಕೊಳ್ಳುವವನು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವವನು ನೀರುಗಂಟಿ. ಊರಗೌಡನಿಗೂ ಬಡವನಿಗೂ ಒಂದೇ ಲೆಕ್ಕದಲ್ಲಿ ನೀರು ಬಿಡಬೇಕಾದವನು. ಅನೇಕ ಊರುಗಳಲ್ಲಿ ಈ ಕೆಲಸ ದಲಿತ ಕುಟುಂಬದ್ದು. ಊರಿಗೆ ಅನ್ನ ಕೊಡುವ ನೀರನ್ನು ಅವನ ಕೈಗೆ ಒಪ್ಪಿಸಿ, ಅವನನ್ನು ಮಾತ್ರ ಊರ ಹೊರಗೆ ಇಟ್ಟ ಸಮಾಜ ನಮ್ಮದು. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಶರಣರು ಎದುರಿಸಿದ್ದು ಇದೇ ಪ್ರಶ್ನೆಯನ್ನು. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬೇಸಾಯದ ಒಕ್ಕಲಿಗ ಮುದ್ದಣ್ಣ, ಅಕ್ಕಿ ಆಯುವ ಮಾರಯ್ಯ–ಲಕ್ಕಮ್ಮ ದಂಪತಿ ಒಂದೇ ಸಾಲಿನಲ್ಲಿ ಕೂತದ್ದು ಕೆಲಸದಲ್ಲಿ ಮೇಲು ಕೀಳಿಲ್ಲ ಎಂಬ ನಂಬಿಕೆಯಿಂದ. ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದ ಲಕ್ಕಮ್ಮನ ಕಥೆ ನಮ್ಮ ಮನೆಯ ಮಕ್ಕಳಿಗೆಲ್ಲ ಗೊತ್ತು. ಆ ಅಕ್ಕಿ ಬೆಳೆದವರು ಯಾರು ಎಂದು ಮಕ್ಕಳು ಕೇಳುವಂತಾದರೆ ಆ ಕಥೆ ಇನ್ನಷ್ಟು ತುಂಬಿಕೊಳ್ಳುತ್ತದೆ.

ಈಗ ಸ್ವಲ್ಪ ಕಠಿಣವಾದ ಮಾತಿಗೆ ಬರುತ್ತೇನೆ. ತಾವು ಕ್ಷಮಿಸಬೇಕು.

ಮಧ್ಯಾಹ್ನ ಊಟದ ಸಾಲಿನಲ್ಲಿ ಒಬ್ಬ ಹುಡುಗ ತುಮಕೂರು ಕಡೆಯ ಹಿರಿಯ ರೈತರೊಬ್ಬರನ್ನು ಕೇಳಿದ, ‘ತಾತ, ನಿಮ್ಮ ಮಗ ಬೇಸಾಯ ಮಾಡ್ತಾರಾ?’ ಅವರು ಹೇಳಿದರು: ‘ಮಾಡ್ತಾನಪ್ಪ. ಆದ್ರೆ ಹೆಣ್ಣು ಕೊಡೋರಿಲ್ಲ.’ ಹುಡುಗ ಅದನ್ನೇ ಪುಸ್ತಕದಲ್ಲಿ ಬರೆದುಕೊಂಡ. ಆ ರೈತರ ಕೊರಳಲ್ಲಿ ಲಿಂಗದ ಕರಡಿಗೆ ಇತ್ತು.

2023ರ ಫೆಬ್ರುವರಿಯಲ್ಲಿ ಮಂಡ್ಯ ಕಡೆಯ ಅವಿವಾಹಿತ ಯುವಕರು, ಬಹುಪಾಲು ರೈತರು, ಹೆಣ್ಣು ಸಿಗಲಿ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದು ಪತ್ರಿಕೆಗಳಲ್ಲಿ ಬಂತು. ನಾವು ಓದಿ ನಕ್ಕೆವು. ನಗುವ ವಿಷಯವೇ ಅದು? ನಮ್ಮ ಸಮಾಜದ ವಧು–ವರರ ಸಮಾವೇಶಗಳಲ್ಲಿ ಏನು ನಡೆಯುತ್ತದೆ? ಉದ್ಯೋಗ ಎಂಬ ಕಾಲಮ್ಮಿನಲ್ಲಿ ‘ಬೇಸಾಯ’ ಎಂದು ಕಂಡರೆ ಹಾಳೆ ಮಗುಚುತ್ತೇವೆ. ವೇದಿಕೆಯ ಮೇಲೆ ಕಾಯಕದ ಬಗ್ಗೆ ಗಂಟೆಗಟ್ಟಲೆ ಮಾತಾಡಿ, ಕೆಳಗಿಳಿದು ಸಾಫ್ಟ್‌ವೇರ್ ಹುಡುಗನನ್ನು ಹುಡುಕುತ್ತೇವೆ. ಕಾಯಕದಲ್ಲಿ ಮೇಲು ಕೀಳಿಲ್ಲ ಎಂಬುದು ನಮ್ಮ ಬಾಯಿಮಾತೋ, ನಡೆಯೋ? ಹುಡುಗಿಯರ ತಂದೆ ತಾಯಂದಿರನ್ನೇ ದೂರಿದರೆ ಸಾಲದು. ಸಾಲ, ಬೆಲೆ, ಮಳೆ ಮೂರನ್ನೂ ನಂಬಲಾಗದ ಬದುಕಿಗೆ ಮಗಳನ್ನು ಕಳಿಸಲು ಯಾರಿಗಾದರೂ ಅಂಜಿಕೆ ಇರುತ್ತದೆ. ಆ ಅಂಜಿಕೆ ಬೇರೆ, ತಾತ್ಸಾರ ಬೇರೆ. ಅಂಜಿಕೆಗೆ ನ್ಯಾಯವಾದ ಬೆಲೆ, ವಿಮೆ, ನೀರು ಔಷಧಿ. ತಾತ್ಸಾರಕ್ಕೆ ಔಷಧಿ ಶಾಲೆಯಲ್ಲೇ ಸಿಗಬೇಕು, ಮನೆಯಲ್ಲೇ ಸಿಗಬೇಕು.

ಈ ಪ್ರಶಿಕ್ಷಣಾರ್ಥಿಯ ಮನಸ್ಸಿನಲ್ಲೂ ಅದೇ ತೊಡಕಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದಳು: ‘ಕಾಕಾ, ನಮ್ಮಪ್ಪ ನನ್ನ ಓದಿಸಿದ್ದೇ ಹೊಲದಿಂದ ಬಿಡಿಸ್ಲಿಕ್ಕ. ಈಗ ನಾನೇ ಹುಡುಗರನ್ನ ಹೊಲದ ಕಡೆ ಕರ್ಕೊಂಡು ಹೊಂಟೀನಿ. ಅಪ್ಪಗ ಹೇಳಿದ್ರ ಏನಂತಾನೋ.’ ಬಹಳ ಸತ್ಯವಾದ ಮಾತು. ಸಾಲ ಮಾಡಿ ಮಗಳನ್ನು ಬೆಂಗಳೂರಿಗೆ ಕಳಿಸಿದ ರೈತನ ಆಸೆ ಸುಳ್ಳಲ್ಲ. ಅವಳು ಮತ್ತೆ ಹೊಲಕ್ಕೆ ಇಳಿಯಬೇಕೆಂದು ನಾನೂ ಹೇಳುವುದಿಲ್ಲ. ಈ ಮೂವತ್ತೆಂಟು ಮಕ್ಕಳೂ ರೈತರಾಗಬೇಕೆಂದು ಯಾರೂ ಹೇಳುತ್ತಿಲ್ಲ. ಅಜ್ಜನ ಕೆಲಸದ ಹೆಸರು ಹೇಳಲು ಮಗು ನಾಚಬಾರದು, ಅಷ್ಟೆ ಕೇಳುತ್ತಿರುವುದು. ಬೇಸಾಯ ಬಿಡುವುದಕ್ಕೆ ಕಾರಣವಿರಬಹುದು. ಬೇಸಾಯಗಾರನನ್ನು ಹೀನಾಯವಾಗಿ ಕಾಣುವುದಕ್ಕೆ ಯಾವ ಕಾರಣವೂ ಇಲ್ಲ.

ಆ ಮೇಲೆ ತರಗತಿಯಲ್ಲಿ ಏನಾಯಿತು ಎಂದು ತಾವು ಕೇಳಬಹುದು. ಮಕ್ಕಳ ಮೂವತ್ತೆಂಟು ಪ್ರಶ್ನೆ, ಮೂವತ್ತೆಂಟು ಉತ್ತರಗಳನ್ನು ಗೋಡೆಗೆ ಅಂಟಿಸಿದಳು. ಒಂದು ವಾರದ ನಂತರ ಮತ್ತೆ ಅದೇ ಪ್ರಶ್ನೆ ಕೇಳಿದಳು, ಯಾರ ಮನೆಯವರು ರೈತರು ಎಂದು. ಹದಿನಾಲ್ಕು ಕೈ ಎದ್ದವು. ತೊಗರಿ ಹುಡುಗನ ಅಪ್ಪ ಒಂದು ಭಾನುವಾರ ಶಾಲೆಯ ಹಿಂದಿನ ಖಾಲಿ ಜಾಗವನ್ನು ಅಗೆದು ಮಡಿ ಮಾಡಿಕೊಟ್ಟರು. ಅವರನ್ನು ಶಾಲೆಗೆ ಆವರೆಗೆ ಕರೆದದ್ದು ಮಗ ಗೈರುಹಾಜರಾದಾಗ ಮಾತ್ರ. ಇವಳ 16 ವಾರ ಮುಗಿಯಿತು, ಹೋದಳು. ಮಡಿಯನ್ನು ಮಕ್ಕಳು ನೋಡಿಕೊಳ್ಳುತ್ತಿದ್ದಾರೆ.

ಇದನ್ನು ನಮ್ಮ ಮಠಗಳಿಗೆ, ನಮ್ಮ ಸಂಸ್ಥೆಗಳಿಗೆ ಹೇಗೆ ಅನ್ವಯಿಸಬಹುದು? ಮೂರು ಸಲಹೆಗಳನ್ನು ಮುಂದಿಡುತ್ತೇನೆ.

ಮೊದಲನೆಯದು. ಕೃಷಿ ಮೇಳ ನಮ್ಮ ಮಠಗಳಿಗೆ ಹೊಸದಲ್ಲ. ಸಿದ್ಧಗಂಗೆಯಲ್ಲಿ ಶಿವರಾತ್ರಿಯ ಜಾತ್ರೆಯ ಜೊತೆಗೆ ದನಗಳ ಜಾತ್ರೆ, ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನ ನಡೆಯುತ್ತದೆ. ಲಿಂಗೈಕ್ಯ ಶಿವಕುಮಾರ ಸ್ವಾಮಿಗಳ ಕಾಲದಿಂದಲೂ ರೈತರು ತಂದುಕೊಟ್ಟ ಧಾನ್ಯದಿಂದ ಅಲ್ಲಿ ಸಾವಿರಾರು ಮಕ್ಕಳ ದಾಸೋಹ ನಡೆದುಬಂದಿದೆ. ಸುತ್ತೂರಿನ ಜಾತ್ರೆಯಲ್ಲಿ ಕೃಷಿ ಮೇಳವಿದೆ, ಅಲ್ಲಿಯೇ ಕೃಷಿ ವಿಜ್ಞಾನ ಕೇಂದ್ರವೂ ಇದೆ. ಈ ಜಾತ್ರೆಗಳಿಗೆ ಪ್ರಸಾದ ನಿಲಯಗಳ ಮಕ್ಕಳು ಬರುತ್ತಾರೆ. ಬಹಳ ಸಲ ಸ್ವಯಂಸೇವಕರಾಗಿ, ಪ್ರೇಕ್ಷಕರಾಗಿ. ಅವರ ಕೈಗೆ ಒಂದು ಪ್ರಶ್ನೆ, ಒಂದು ಪುಸ್ತಕ ಕೊಟ್ಟು ಒಬ್ಬ ರೈತರ ಮುಂದೆ ಕೂರಿಸಬೇಕು. ಒಂದು ಮಧ್ಯಾಹ್ನ ಸಾಕು.

ಎರಡನೆಯದು. ನಮ್ಮ ಅನೇಕ ಮಠಗಳು ಶಿಕ್ಷಕರ ತರಬೇತಿ ಕಾಲೇಜುಗಳನ್ನು ನಡೆಸುತ್ತಿವೆ. ಅಲ್ಲಿಂದ ಹೊರಬರುವ ಪ್ರತಿ ಶಿಕ್ಷಕರೂ ತಮ್ಮ 16 ವಾರಗಳಲ್ಲಿ ಒಮ್ಮೆಯಾದರೂ ಮಕ್ಕಳನ್ನು ಹೊಲಕ್ಕೋ, ಮೇಳಕ್ಕೋ, ಸಂತೆಗೋ, ಕೆರೆಗೋ ಕರೆದುಕೊಂಡು ಹೋಗಿ, ಅಲ್ಲಿಯ ಕೆಲಸದವರಿಂದ ಪಾಠ ಹೇಳಿಸಬೇಕು ಎಂಬುದನ್ನು ಕಾಲೇಜುಗಳು ಪದ್ಧತಿ ಮಾಡಿಕೊಳ್ಳಲಿ. ನಗರದವರಿಗೆ ಹೊಲ ದೂರವಾದರೆ ಕೆ.ಆರ್. ಪುರದ ಸಂತೆ ಹತ್ತಿರವಿದೆ, ರಸೆಲ್ ಮಾರುಕಟ್ಟೆ ಹತ್ತಿರವಿದೆ, ಹಲಸೂರು ಕೆರೆಯ ಏರಿ ಇನ್ನೂ ಇದೆ.

ಮೂರನೆಯದು ನಮಗೆ, ಈ ಸಭೆಯಲ್ಲಿರುವ ನಿವೃತ್ತರಿಗೆ. ಇಲ್ಲಿ ಇಂಜಿನಿಯರುಗಳಿದ್ದಾರೆ, ಬ್ಯಾಂಕಿನವರಿದ್ದಾರೆ, ಕೃಷಿ ಇಲಾಖೆಯವರಿದ್ದಾರೆ, ಶುಶ್ರೂಷಕಿಯರಿದ್ದಾರೆ. ಸರ್ಕಾರಿ ಶಾಲೆಯ ಒಬ್ಬ ಪ್ರಶಿಕ್ಷಣಾರ್ಥಿ ಮಕ್ಕಳನ್ನು ಹೊರಗೆ ಕರೆದೊಯ್ಯಬೇಕೆಂದಾಗ ಮೊದಲು ಎದುರಾಗುವ ಪ್ರಶ್ನೆ ‘ಜೊತೆಗೆ ಯಾರು ಬರುತ್ತಾರೆ?’ ಎಂಬುದು. ಎಂಟು ಮಕ್ಕಳಿಗೆ ಒಬ್ಬ ದೊಡ್ಡವರು ಬೇಕು. ನಮ್ಮಲ್ಲಿ ಸಮಯವಿದೆ, ಕಾಲಲ್ಲಿ ಇನ್ನೂ ಶಕ್ತಿಯಿದೆ. ಸಭೆ ಮುಗಿದ ಮೇಲೆ ಬಾಗಿಲ ಬಳಿ ಒಂದು ಪುಸ್ತಕ ಇಟ್ಟಿರುತ್ತೇನೆ. ವರ್ಷಕ್ಕೆ ಎರಡು ದಿನ ಬರಬಲ್ಲವರು ಹೆಸರು, ದೂರವಾಣಿ ಸಂಖ್ಯೆ, ತಾವು ಮಾಡಿದ ಕೆಲಸ ಬರೆಯಿರಿ. ಸುತ್ತಲಿನ ನಾಲ್ಕು ಸರ್ಕಾರಿ ಶಾಲೆಗಳ ಮುಖ್ಯ ಶಿಕ್ಷಕರಿಗೆ ಆ ಪಟ್ಟಿಯನ್ನು ನಾನೇ ಮುಟ್ಟಿಸುತ್ತೇನೆ.

‘ಕೆಲಸ’ ಎಂಬ ಕಾಲಮ್ಮಿನಲ್ಲಿ ತಮ್ಮ ತಂದೆಯ ಅಥವಾ ಅಜ್ಜನ ಕೆಲಸವನ್ನೂ ಬರೆಯಬೇಕೆಂದು ಕೋರುತ್ತೇನೆ. ನಮ್ಮಲ್ಲಿ ಎಷ್ಟು ಜನರ ಕೈ ಏಳುತ್ತದೆ ನೋಡೋಣ.